ಪಂಪ್ ಬಿಚ್ಚಬ್ಯಾಡ್ರಿ, ಮೊದ್ಲು ಟ್ಯಾಂಕ್ ನೋಡ್ರಿ | ದಾಳಿಂಬ್ರಿ ತೋಟದ ಹಳೇ ಮಿನಿ ಟ್ರ್ಯಾಕ್ಟರ್

ನಮಸ್ಕಾರ್ರಿ ಎಲ್ಲರಿಗೂ. ಈಗ ನೋಡಾಕತ್ತೀರಲ್ಲ, ಇದು ಕುಷ್ಟಗಿ ಕಡೆ ನಮ್ಮ ಕಾಕಾನ ದಾಳಿಂಬ್ರಿ ತೋಟ, ಮಸಾರಿ ಭೂಮಿ, ಸಾಲಿನ ನಡುವ ಸುಮ್ನ ನಿಂತೈತಲ್ಲ ಸಣ್ಣ ಟ್ರ್ಯಾಕ್ಟರ್, ಅದರದಾ ಇವತ್ತಿನ ವಿಡಿಯೋ. ದೊಡ್ಡ ಟ್ರ್ಯಾಕ್ಟರ್ ಈ ಸಾಲಿನ್ಯಾಗ ಹೊಕ್ಕರ ಟೊಂಗಿ ಮುರಿತಾವು, ಕಾಯಿ ಉದುರ್ತಾವು, ಅದಕ್ಕ ಇದು ನಿಂತ್ರ ತೋಟದ ಕೆಲಸಾನಾ ನಿಂತಂಗ. ಕಂಪನಿ ಯಾವ್ದು ಅಂತ ಕೇಳಬ್ಯಾಡ್ರಿ, ಬಣ್ಣ ಹೋಗಿ, ಸ್ಟಿಕ್ಕರ್ ಹೋಗಿ, ಅರ್ಧ ಬೋಲ್ಟ್ ಬ್ಯಾರೆ ಗಾಡಿವು ಅದಾವು.

ತ್ರಾಸು ಏನಂದ್ರ, ಬೆಳಿಗ್ಗೆ ಸೆಲ್ಫ್ ಹೊಡದ್ರ ಒಂದಾ ಸಲಕ್ಕ ಚಾಲೂ ಆಗ್ತೈತಿ, ಸ್ಲೋ ಬಿಟ್ಟು ಎಷ್ಟೊತ್ತು ನಿಲ್ಸಿದ್ರೂ ಏನೂ ಅನ್ನಂಗಿಲ್ಲ, ಆದ್ರ ರೋಟಾವೇಟರ್ ನೆಲಕ್ಕ ಇಳಿಸಿ ಲೋಡ್ ಕೊಟ್ರ ಒಂದು ಸಾಲು ಮುಗಿಯೂದ್ರಾಗ ರೇಸು ಏರ್ತೈತಿ ಇಳಿತೈತಿ, ಏರ್ತೈತಿ ಇಳಿತೈತಿ, ಆಮ್ಯಾಲ ಬಂದ್. ಸ್ವಲ್ಪ ಹೊತ್ತು ಬಿಟ್ಟು ಹೊಡದ್ರ ಮತ್ತ ಏನೂ ಆಗಿಲ್ಲ ಅನ್ನಂಗ ಚಾಲೂ. ಬಿಸಿಲು ಏರಿದಂಗ ಇನ್ನೂ ಜಾಸ್ತಿ.

ಈಗ ಸೈಲೆನ್ಸರ್ ಕಡೆ ಕ್ಯಾಮೆರಾ ಹೋಗೈತಿ ನೋಡ್ರಿ, ಗಾಡಿ ಬಂದ್ ಆದ ಕೂಡ್ಲೆ ಸೆಲ್ಫ್ ಹೊಡಿಯಾಕತ್ತೀವಿ, ಎಂಜಿನ್ ತಿರಗಾಕತ್ತೈತಿ, ಆದ್ರ ಹೊಗಿ ಒಂಚೂರೂ ಇಲ್ಲ. ಇದು ಭಾಳ ದೊಡ್ಡ ಸುಳಿವು. ಬಿಳಿ ಹೊಗಿ ಬಂದು ಚಾಲೂ ಆಗಲಿಲ್ಲ ಅಂದ್ರ ಡೀಸೆಲ್ ಒಳಗ ಹೋಗೈತಿ, ಉರಿಯಾಕತ್ತಿಲ್ಲ ಅಂತ, ಅಂದ್ರ ಕಂಪ್ರೆಷನ್ನು (ಸಿಲಿಂಡರಿನ್ಯಾಗ ಗಾಳಿ ಒತ್ತೋ ಬಲ), ಟೈಮಿಂಗು (ಡೀಸೆಲ್ ಬಿಡೋ ಹೊತ್ತು), ನಾಜಲ್ಲು (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸೋ ತುದಿ) ನೋಡಬೇಕು. ಕರಿ ಹೊಗಿ ಬಂದ್ರ ಡೀಸೆಲ್ ಸಾಕಷ್ಟೈತಿ ಗಾಳಿ ಸಾಲ್ವಲ್ದು, ಏರ್ ಕ್ಲೀನರ್ ಬಿಚ್ಚರಿ. ಹೊಗಿನಾ ಇಲ್ಲ ಅಂದ್ರ ಡೀಸೆಲ್ ಬರಾಕತ್ತಿಲ್ಲ, ಮುಗೀತು ಅಷ್ಟ.

ಊರಾಗ ಬಂದವರೆಲ್ಲಾ ಹೇಳಿದ್ದು ಒಂದಾ ಮಾತು, ಪಂಪ್ ಹೋಗೈತಿ, ಪಂಪ್ ಬಿಚ್ಚಿ ಪ್ಯಾಟಿಗೆ ಒಯ್ಯಿರಿ. ಪಂಪ್ ಅಂದ್ರ ನಾಜಲ್ಲಿಗೆ ಡೀಸೆಲ್ ಜೋರಾಗಿ ಒತ್ತಿ ಕೊಡೋದು, ನಮ್ಮ ಕಡೆ ಅದಕ್ಕ ಮೈಕೋ ಪಂಪ್ ಅಂತಾರ, ಬೆಂಗಳೂರಿನ ಮೈಕೋ ಕಂಪನಿ ಚಾಲೂ ಆಗಿದ್ದು 1951ರಾಗ, ಅದರ ಹೆಸರು ಬಾಷ್ ಅಂತ ಬದಲಾಗಿದ್ದು 2008ರಾಗ, ಆದ್ರೂ ಇವತ್ತಿಗೂ ಯಾವ ಕಂಪನಿ ಪಂಪ್ ಇದ್ರೂ ಅದು ಮೈಕೋನಾ. ಆ ಪಂಪಿನ ಒಳಗ ಡೀಸೆಲ್ ಒತ್ತೋ ಪ್ಲಂಜರ್, ಅದು ಓಡಾಡೋ ಕೊಳವಿ ಅಂದ್ರ ಬ್ಯಾರಲ್, ಇವೆರಡರ ನಡುವ ಇರೋ ಸಂದು ಕೆಲವೇ ಮೈಕ್ರಾನ್, ನಮ್ಮ ತಲಿಕೂದಲಿಗಿಂತ ಎಷ್ಟೋ ಪಟ್ಟು ಕಡಿಮಿ. ಅದನ್ನ ಈ ಕೆಂಪು ಧೂಳಿನ್ಯಾಗ, ಬೇವಿನ ಗಿಡದ ಕೆಳಗ ಚೀಲ ಹಾಸಿ ಬಿಚ್ಚಿದ್ರ, ಹೋಗದಿದ್ದ ಪಂಪೂ ಹೋಗ್ತೈತಿ. ಬಿಚ್ಚಿದ ಮ್ಯಾಲ ಟೆಸ್ಟ್ ಬೆಂಚಿನ ಮ್ಯಾಲ ಕೂಡ್ರಿಸಿ ಪ್ರತಿ ಸಿಲಿಂಡರಿಗೂ ಎಷ್ಟು ಡೀಸೆಲ್ ಹೋಗ್ತೈತಿ ಅಂತ ಅಳದು ಸೆಟ್ ಮಾಡಬೇಕು, ಅದು ನಮ್ಮ ನಿಮ್ಮ ಕೈಲೆ ಆಗೋ ಕೆಲಸ ಅಲ್ಲ. ಅದಕ್ಕ ನಂದು ಒಂದಾ ಹಟ, ಡೀಸೆಲ್ ಯಾವ ದಾರಿಲೆ ಬರ್ತೈತೋ ಅದಾ ದಾರಿ ಹಿಡದು ನಾವೂ ಬರೂದು, ಟ್ಯಾಂಕಿಂದ ಚಾಲೂ ಮಾಡಿ, ಪಂಪ್ ಕಟ್ಟ ಕಡಿಗೆ.

ಮೊದ್ಲು ಟ್ಯಾಂಕಿನ ಮುಚ್ಚಳ. ಇದರಾಗ ಗಾಳಿ ಆಡಾಕ ಒಂದು ಸಣ್ಣ ತೂತು ಇರ್ತೈತಿ, ಅದು ಮಣ್ಣಿಲೆ ಮುಚ್ಚಿತು ಅಂದ್ರ ಡೀಸೆಲ್ ಕೆಳಗ ಇಳದಂಗ ಟ್ಯಾಂಕಿನ್ಯಾಗ ಗಾಳಿ ಕಡಿಮಿ ಆಗಿ, ಕಡೀಕ ಡೀಸೆಲ್ ಇಳಿಯೂದಾ ನಿಲ್ತೈತಿ. ಗಾಡಿ ಬಂದ್ ಆದ ಕೂಡ್ಲೆ ಮುಚ್ಚಳ ತೆಗೀರಿ, ಸುಯ್ ಅಂತ ಗಾಳಿ ಎಳಕೊಂಡ್ರ ರೋಗ ಅಲ್ಲೇ ಐತಿ. ನಮ್ಮದ್ರಾಗ ಸುಯ್ ಅನ್ನಲಿಲ್ಲ, ಹಂಗಾಗಿ ಮುಂದ.

ಮುಂದಿಂದು ನನಗ ಭಾಳ ಇಷ್ಟದ ಟೆಸ್ಟ್. ನೋಡ್ರಿ, ಒಂದು ನೀರಿನ ಬಾಟಲಿ, ಎರಡು ಲೀಟರಿಂದು, ಅದರಾಗ ಸೋಸಿದ ಡೀಸೆಲ್, ಬುಡಕ್ಕ ಒಂದು ಪೈಪು, ಮಡ್‌ಗಾರ್ಡಿಗೆ ಬಡಿಗಿ ಕಟ್ಟಿ ಎತ್ತರಕ್ಕ ಜೋತು ಬಿಟ್ಟೀವಿ, ಥೇಟ್ ದವಾಖಾನ್ಯಾಗ ಸಲಾಯಿನ್ ಹಚ್ಚಿದಂಗ. ಸೈಲೆನ್ಸರಿಂದ ದೂರ ಕಟ್ಟರಿ ಮತ್ತ, ಕಾದ ಸೈಲೆನ್ಸರ್ ಮ್ಯಾಲ ಡೀಸೆಲ್ ಬಿದ್ರ ಹುಡುಗಾಟ ಅಲ್ಲ ಅದು. ಟ್ಯಾಂಕಿಂದ ಬರೋ ಪೈಪ್ ಬಿಚ್ಚಿ, ಈ ಬಾಟಲಿ ಪೈಪನ್ನ ಸೀದಾ ಫೀಡ್ ಪಂಪಿಗೆ, ಅಂದ್ರ ಟ್ಯಾಂಕಿಂದ ಡೀಸೆಲ್ ಎಳದು ಮೈಕೋ ಪಂಪಿಗೆ ಕೊಡೋ ಸಣ್ಣ ಪಂಪಿಗೆ ಕೊಟ್ಟು, ಏರ್ ಅಂದ್ರ ಪೈಪಿನ್ಯಾಗ ಸಿಕ್ಕ ಗಾಳಿ ತೆಗದು, ರೋಟಾವೇಟರ್ ಇಳಿಸಿ ಕಾಕಾಗ ಹೊಡಿ ಅಂದ್ವಿ. ಈಗ ನೋಡ್ರಿ, ಆ ಸಾಲಿನ ತುದಿ ತನಕ ಹೋತು, ತಿರುಗಿ ಬಂತು, ರೇಸು ಒಂಚೂರೂ ಅಲಗಲಿಲ್ಲ! ಅಂದ್ರ ಏನಾತು, ಫೀಡ್ ಪಂಪ್ ಸರಿ ಐತಿ, ಎರಡೂ ಫಿಲ್ಟರ್ ಸರಿ ಅದಾವು, ಎಲ್ಲಾರೂ ಬಿಚ್ಚು ಬಿಚ್ಚು ಅಂದಿದ್ದ ಮೈಕೋ ಪಂಪೂ ಸರಿ ಐತಿ, ನಾಜಲ್ಲೂ ಸರಿ ಅದಾವು, ರೋಗ ಇರೋದು ಟ್ಯಾಂಕ್ ಮತ್ತ ಫೀಡ್ ಪಂಪ್ ನಡುವ, ಒಂದು ಮೊಳದ ದಾರ್ಯಾಗ. ಒಂದು ಬಾಟಲಿ ಎಷ್ಟು ಕೆಲಸ ಉಳಿಸ್ತು ನೋಡ್ರಿ.

ಟ್ಯಾಂಕ್ ಇಳಿಸಿದ್ವಿ. ವಾಸನಿ ನಿಮಗ ಬರಂಗಿಲ್ಲ, ಪುಣ್ಯವಂತ್ರು ನೀವು. ಬುಡದಾಗ ಕರ್ರಗ ಲೋಳಿ ಕಾಣಸ್ತೈತಲ್ಲ, ಅದು ಬರೇ ಮಣ್ಣಲ್ಲ. ಅರ್ಧ ಖಾಲಿ ಟ್ಯಾಂಕಿನ್ಯಾಗ ರಾತ್ರಿ ತಂಪಿಗೆ ಒಳಗಿನ ಗಾಳಿಯಾಗಿನ ಪಸಿ ನೀರಾಗಿ ಗೋಡಿಗೆ ಹತ್ತಿ ಕೆಳಗ ಇಳಿತೈತಿ, ನೀರು ಡೀಸೆಲ್‌ಗಿಂತ ಭಾರ, ಹಂಗಾಗಿ ಬುಡಕ್ಕ ಕೂಡತೈತಿ, ಆ ನೀರು ಡೀಸೆಲ್ ಕೂಡೋ ಜಾಗದಾಗ ಕಣ್ಣಿಗೆ ಕಾಣದ ಸೂಕ್ಷ್ಮಜೀವಿ ಬೆಳದು ಈ ಲೋಳಿ ಆಗ್ತೈತಿ. ಈ ಲೋಳಿ, ಜಂಗು, ಮತ್ತ ಕಾಕಾ ಬಂಕಿಂದ ಕ್ಯಾನಿನ್ಯಾಗ ತಂದು ಸೋಸದಾ ಸುರುವಿದ ಡೀಸೆಲಿನ ಕಸ, ಎಲ್ಲಾ ಸೇರಿ ಕಾಕಿನ, ಅಂದ್ರ ಟ್ಯಾಂಕಿನ ನಲ್ಲಿಯ, ಬಾಯಾಗಿರೋ ಜಾಳಗಿ ಮ್ಯಾಲ ಕುಂತಿತ್ತು. ಪೂರಾ ಬಂದ್ ಅಲ್ಲ, ಮುಕ್ಕಾಲು ಬಂದ್. ಸ್ಲೋ ರೇಸಿಗೆ ಬೇಕಾಗೋ ಅಷ್ಟು ಡೀಸೆಲ್ ಬರ್ತಿತ್ತು, ಲೋಡಿಗೆ ಬೇಕಾಗೋ ಅಷ್ಟು ಬರ್ತಿರಲಿಲ್ಲ. ಡೀಸೆಲ್ ಹಾಕಿನಾ ತೊಳೀರಿ, ನೀರು ಹಾಕಬ್ಯಾಡ್ರಿ. ಸಂಜಿಮುಂದ ಗಾಡಿ ನಿಲ್ಸೋ ಮೊದ್ಲು ಟ್ಯಾಂಕ್ ತುಂಬಿಸಿಟ್ರ ಪಸಿ ಹಿಡಿಯಾಕ ಜಾಗಾನಾ ಇರಂಗಿಲ್ಲ.

ಇಷ್ಟಕ್ಕ ಮುಗೀಬೇಕಿತ್ತು. ಟ್ಯಾಂಕ್ ಕೂಡ್ರಿಸಿ ಹೊಡದ್ರ ಭಾಳ ಸುಧಾರಿಸೈತಿ, ಆದ್ರ ಸಾಲಿನ ತುದಿಗೆ ಹೋದಾಗ ಒಮ್ಮೊಮ್ಮೆ ಕೆಮ್ಮತೈತಿ. ಆಗ ಗೌಂಡಿ ಮಂದಿ ಲೆವೆಲ್ ನೋಡಾಕ ಇಟ್ಕೊಂಡಿರೋ ಪಾರದರ್ಶಕ ಲೆವೆಲ್ ಪೈಪ್ ಒಂದು ತುಂಡು ಕತ್ತರಿಸಿ ಫೀಡ್ ಪಂಪಿನ ಹಿಂದ ಹಾಕಿದ್ವಿ, ಈಗ ಹತ್ರ ಹೋಗಿ ತೋರಿಸ್ತೀನಿ, ಆ ನೋಡ್ರಿ ಗುಳ್ಳಿ, ಒಂದರ ಹಿಂದ ಒಂದು ಹೊಂಟಾವು. ಗಾಳಿ ಎಳಕೊಳ್ಳಾಕತ್ತೈತಿ! ಕೆಳಗ ನೋಡಿದ್ರ ಒಂದು ಹನಿನೂ ಸೋರಿಲ್ಲ, ಹಂಗಾಗಿನಾ ಯಾರಿಗೂ ಡೌಟ್ ಬಂದಿರಲಿಲ್ಲ. ಫೀಡ್ ಪಂಪಿನ ಹಿಂದಿನ ಪೈಪಿನ್ಯಾಗ ಎಂಜಿನ್ ಚಾಲೂ ಇದ್ದಾಗ ಎಳೆತ ಇರ್ತೈತ್ರಿ, ಅಲ್ಲಿ ಸೀಳಿದ್ರ ಡೀಸೆಲ್ ಹೊರಗ ಬರೋ ಬದ್ಲು ಗಾಳಿ ಒಳಗ ಹೋಗ್ತೈತಿ. ಕ್ಲಿಪ್ ಇರಬೇಕಾದ ಜಾಗದಾಗ ಬೈಂಡಿಂಗ್ ವೈರ್ ಸುತ್ತಿದ್ರು ಯಾರೋ, ಆ ವೈರ್ ರಬ್ಬರನ್ನ ಕತ್ತರಿಸಿತ್ತು, ವೈರಿನ ಬುಡಕ್ಕಾ ಸೀಳಿದ್ದಕ್ಕ ಮ್ಯಾಲಿಂದ ಕಾಣತಿರಲಿಲ್ಲ, ಆ ಜಾಗದಾಗ ಮಾತ್ರ ಧೂಳು ಒದ್ದಿ ಆಗಿ ಅಂಟಿಕೊಂಡಿತ್ತು ಅಷ್ಟ. ಮಜಾ ಏನಂದ್ರ ಈ ಎರಡೂ ರೋಗ ಒಂದಕ್ಕೊಂದು ಜೋಡಿ. ಜಾಳಗಿ ಕಟ್ಟಿದಷ್ಟೂ ಫೀಡ್ ಪಂಪ್ ಜೋರಾಗಿ ಎಳಿತೈತಿ, ಜೋರಾಗಿ ಎಳದಷ್ಟೂ ಸೀಳು ಬಾಯಿ ಬಿಡ್ತೈತಿ, ಬಿಸಿಲಿಗೆ ರಬ್ಬರ್ ಮೆತ್ತಗಾದ್ರ ಇನ್ನಷ್ಟು. ಬೆಳಿಗ್ಗೆ ತಂಪಿನ್ಯಾಗ ಸ್ಲೋ ರೇಸಿನ್ಯಾಗ ಎರಡೂ ಸುಮ್ನಿರ್ತಿದ್ವು.

ಕಾಕಾಂದು ಒಂದು ವಾದ ಐತಿ, ಈಗಿನ ಡೀಸೆಲ್ಲಾ ಸರಿ ಇಲ್ಲ, ಮೊದಲಿನಂಗ ಎಣ್ಣಿ ಅಂಶ ಇಲ್ಲ ಅಂತ. ಪೂರಾ ಸುಳ್ಳಲ್ಲ ಬಿಡ್ರಿ, 2020 ಏಪ್ರಿಲ್ 1ರಿಂದ ದೇಶದ ತುಂಬ ಬಿಎಸ್ 6 (ಹೊಗಿ ಕಡಿಮಿ ಮಾಡಾಕ ಸರ್ಕಾರ ಮಾಡಿದ ನಿಯಮ) ಡೀಸೆಲ್, ಅದರಾಗ ಗಂಧಕ ಹೆಚ್ಚಂದ್ರ 10 ಪಿಪಿಎಂ, ಅಂದ್ರ ಹತ್ತು ಲಕ್ಷದಾಗ 10 ಪಾಲು, ಅದಕ್ಕ ಮೊದ್ಲು ಬಿಎಸ್ 4ರಾಗ 50 ಇತ್ತು, ಹಳೇ ಕಾಲದ ರಬ್ಬರ್ ಸೀಲು ಇಂಥ ಡೀಸೆಲಿಗೆ ಕುಗ್ಗಿ ಸೋರೂದೂ ಉಂಟು. ಆದ್ರ ಕಾಕಾ, ನಿಮ್ಮ ಪೈಪ್ ಹಾಳಾಗಿದ್ದು ಡೀಸೆಲಿಗಲ್ಲ, ಬೈಂಡಿಂಗ್ ವೈರಿಗೆ.

ಹೊಸಾ ಪೈಪ್ ಡೀಸೆಲಿಂದಾ ತಗೋರಿ, ನೀರಿನ ಪೈಪ್ ಬ್ಯಾಡ. ಕ್ಲಿಪ್ ಹಾಕ್ರಿ. ಬ್ಯಾಂಜೋ ಬೋಲ್ಟಿನ (ಪೈಪ್ ಜೋಡಿಸೋ ತೂತಿನ ಬೋಲ್ಟ್) ತಾಮ್ರದ ವಾಷರ್ ಸಿಗಲಿಲ್ಲ ಅಂದ್ರ ಹಳೇದನ್ನಾ ಕೆಂಪಗ ಆಗೂತನಕ ಕಾಸಿ ನೀರಿಗೆ ಹಾಕ್ರಿ, ತಾಮ್ರ ಮೆತ್ತಗಾಗಿ ಮತ್ತ ಹಿಡಿತೈತಿ. ಫಿಲ್ಟರ್ ಹೆಂಗೂ ಬಿಚ್ಚಿದ್ವಿ ಅಂತ ಹೊಸಾವು ಹಾಕಿದ್ವಿ, ಅಲ್ಲಿ ಒಂದು ನೆನಪಿರಲಿ, ಹಳೇ ಓ ರಿಂಗ್ (ರಬ್ಬರ್ ಬಳಿ) ಫಿಲ್ಟರ್ ಕೂಡೋ ಮ್ಯಾಲಿನ ಹೆಡ್ಡಿಗೆ ಅಂಟಿಕೊಂಡಿರ್ತೈತಿ, ನೋಡದಾ ಹೊಸದು ಹಾಕಿದ್ರ ಎರಡಾಗಿ ಅಲ್ಲಿಂದನೂ ಸೋರ್ತೈತಿ.

ಈಗ ಏರ್ ತೆಗೀಯೂದು. ಫೀಡ್ ಪಂಪಿನ ಮ್ಯಾಲಿನ ಗುಂಡಿ ಸಡ್ಲ ಮಾಡಿ ಕೈಲೆ ಒತ್ತೂದು, ಮೊದಲಿನ ಫಿಲ್ಟರ್ ಸ್ಕ್ರೂ, ಆಮ್ಯಾಲ ಎರಡನೇದು, ಆಮ್ಯಾಲ ಪಂಪಿನ ಸ್ಕ್ರೂ, ಇದಾ ಕ್ರಮ. ನೊರಿ ಬರ್ತೈತಿ, ಗುಳ್ಳಿ ಬರ್ತಾವು, ಪೂರಾ ಡೀಸೆಲ್ ಬರೂತನಕ ಒತ್ತಿ, ಒತ್ತಿದ ಕೈಯಾಗಾ ಸ್ಕ್ರೂ ಟೈಟ್. ಮುಗದ ಮ್ಯಾಲ ಆ ಗುಂಡಿ ತಿರುವಿ ಕೂಡ್ರಿಸೂದು ಮರೀಬ್ಯಾಡ್ರಿ, ಅಲ್ಲಿಂದನೂ ಗಾಳಿ ಹೊಕ್ಕತೈತಿ. ಕಡೀಕ ನಾಜಲ್ ಕಡಿ ನಟ್ ಸ್ವಲ್ಪ ಸಡ್ಲಿಸಿ, ರೇಸ್ ಅರ್ಧ ಇಟ್ಟು ಸೆಲ್ಫ್. ಆಗ ಕೈ ದೂರ ಇರಲಿ, ಮುಖನೂ ದೂರ ಇರಲಿ. ಟಯರಿನ ಗಾಳಿಗಿಂತ ನೂರಾರು ಪಟ್ಟು ಒತ್ತಡ ಇರೂ ಜಾಗ ಅದು, ಡೀಸೆಲ್ ಚರ್ಮ ಹರದು ಒಳಗ ಹೋಗ್ತೈತಿ, ಹೋದ್ರ ಅದು ಸೀದಾ ದವಾಖಾನಿ ಕೇಸು, ಸಣ್ಣ ತೂತು ಅಂತ ಅರಿಷಿಣ ಹಚ್ಚಿ ಕುಂದ್ರೂದಲ್ಲ.

ಆತು. ಸೌಂಡ್ ಕೇಳ್ರಿ. ಈ ಸಾಲು ಪೂರಾ ಲೋಡ್ ಮ್ಯಾಲ, ಕಟ್ ಮಾಡದಾ ಹಾಕೀನಿ ವಿಡಿಯೋ, ಬೇಕಂದ್ರ ಫಾರ್ವರ್ಡ್ ಮಾಡ್ರಿ. ಲೆವೆಲ್ ಪೈಪಿನ್ಯಾಗ ಒಂದು ಗುಳ್ಳಿ ಇಲ್ಲ. ಕಾಕಾ ಅಂತೂ ಅದನ್ನ ತೆಗೀಬ್ಯಾಡೋ, ಒಳಗ ಏನ್ ನಡದೈತಿ ಅಂತ ಕಾಣತೈತಿ ಅಂತ ಹಟ ಹಿಡದಾರ, ನಾನು ಅದು ಡೀಸೆಲಿಗೆ ಸೆಡದು ಒಡಿತೈತಿ ಕಾಕಾ ಅಂತ ಹೇಳಿ ಬಿಚ್ಚಾಕತ್ತೀನಿ. ಉಳದ ಡೀಸೆಲ್ ವಾಪಸ್ ಒಯ್ಯೋ ರಿಟರ್ನ್ ಪೈಪಿನ ಬುಡಕ್ಕ ಇನ್ನೂ ಸ್ವಲ್ಪ ಒದ್ದಿ ಐತಿ, ಅದರ ವಾಷರ್ ಸೈಜ್ ಇಲ್ಲಿ ಸಿಗಲಿಲ್ಲ, ಗಂಗಾವತಿಗೆ ಹೋದಾಗ ತರಬೇಕು.