ತೆರಿಗೆಯ ಮೇಲೆ ತೆರಿಗೆ

ಕೇಳುಗರೆ, ನಮಸ್ಕಾರ. ತೆರಿಗೆ ಎಂದ ಕೂಡಲೇ ಶೇಕಡಾ ಎಷ್ಟು ಎಂದು ಕೇಳುತ್ತೇವೆ. ನಮ್ಮಂಥ ದೇಶದ ಸಣ್ಣ ಉದ್ಯಮ ಬೆಳೆಯಬೇಕಾದರೆ ಅಷ್ಟೇ ಗಟ್ಟಿಯಾಗಿ ಕೇಳಬೇಕಾದ ಇನ್ನೊಂದು ಪ್ರಶ್ನೆ, ಅದು ಯಾವುದರ ಮೇಲೆ ಬೀಳುತ್ತದೆ ಎಂಬುದು.

ಪ್ರತಿ ಮಾರಾಟದಲ್ಲೂ ಪೂರ್ತಿ ಬೆಲೆಯ ಮೇಲೆ ಶೇ. 10 ತೆರಿಗೆ ಎಂದುಕೊಳ್ಳಿ. 100 ರೂಪಾಯಿಯ ನೂಲು ಮಗ್ಗದವರಿಗೆ 110ಕ್ಕೆ ಸಿಗುತ್ತದೆ. ಕೂಲಿ, ಲಾಭ ಎಂದು ಅವರು 50 ಸೇರಿಸಿದರೆ 160, ತೆರಿಗೆ 16. ಆ ಬಟ್ಟೆಯನ್ನು 176ಕ್ಕೆ ಕೊಂಡ ಗಾರ್ಮೆಂಟ್ಸ್‌ನವರು ಮತ್ತೆ 50 ಸೇರಿಸಿದರೆ 226, ತೆರಿಗೆ 22 ರೂಪಾಯಿ 60 ಪೈಸೆ. ಮೂರೂ ಸೇರಿ ತೆರಿಗೆ 48 ರೂಪಾಯಿ 60 ಪೈಸೆ. ಸರಕಿನ ನಿಜವಾದ ಮೌಲ್ಯವೋ 200! ಇದೇ ಕೆಲಸವನ್ನೆಲ್ಲ ಒಂದೇ ದೊಡ್ಡ ಗಿರಣಿ ಮಾಡಿದರೆ ತೆರಿಗೆ 20 ರೂಪಾಯಿ ಮಾತ್ರ. ದೊಡ್ಡಬಳ್ಳಾಪುರದಂಥ ಊರಿನ ಮಗ್ಗಗಳಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಬೇಕೆ?

ಮೌಲ್ಯವರ್ಧಿತ ತೆರಿಗೆಯಲ್ಲಿ ಮಗ್ಗದವರು 100ರ ನೂಲಿಗೆ 50 ಸೇರಿಸಿ, ಆ 150ರ ಮೇಲೆ ತಾವು ವಸೂಲಿ ಮಾಡಿದ 15ರಲ್ಲಿ ನೂಲಿಗೆ ಕೊಟ್ಟ 10 ಕಳೆದು 5 ಕಟ್ಟುತ್ತಾರೆ. ಈ ಕಳೆಯುವಿಕೆಯೇ ಇನ್‌ಪುಟ್ ಕ್ರೆಡಿಟ್. ಕರ್ನಾಟಕಕ್ಕೆ ಈ ತೆರಿಗೆ, ಅಂದರೆ ವ್ಯಾಟ್, ಬಂದದ್ದು 2005ರ ಏಪ್ರಿಲ್ 1ರಂದು, ಇದೇ ಪದ್ಧತಿಯ ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿಎಸ್‌ಟಿ, ದೇಶಕ್ಕೆ ಬಂದದ್ದು 2017ರ ಜುಲೈ 1ರಂದು.

ತೊಡಕು ಇರುವುದು ಈ ಕ್ರೆಡಿಟ್ ಸರಪಳಿ ಕಡಿಯುವ ಕಡೆ. ತಿಂಗಳ ಲೆಕ್ಕ ಕೊಡುವ ಮಾರಾಟಗಾರರು ಮುಂದಿನ ತಿಂಗಳ 11ರೊಳಗೆ ಜಿಎಸ್‌ಟಿಆರ್-1 ಎಂಬ ಮಾರಾಟದ ಲೆಕ್ಕದಲ್ಲಿ ಬಿಲ್ ಏರಿಸಬೇಕು. ಏರಿಸದಿದ್ದರೆ ಅದು 14ರಂದು ಸಿದ್ಧವಾಗುವ ಕೊಂಡವರ 2ಬಿ ಎಂಬ ಕ್ರೆಡಿಟ್ ಪಟ್ಟಿಯಲ್ಲಿ ಕಾಣುವುದಿಲ್ಲ, ಆ ತಿಂಗಳು ಅವರಿಗೆ ಕ್ರೆಡಿಟ್ ಇಲ್ಲ. ದುಡಿಮೆಯ ಬಂಡವಾಳ ಅಷ್ಟು ದಿನ ಸಿಕ್ಕಿಬೀಳುತ್ತದೆ. ರಾಜಿ ತೆರಿಗೆ, ಅಂದರೆ ಕಾಂಪೊಸಿಷನ್ ಯೋಜನೆ, ಆಯ್ದುಕೊಂಡವರದು ಇನ್ನೊಂದು ಪಾಡು. ವರ್ಷಕ್ಕೆ ಒಂದೂವರೆ ಕೋಟಿವರೆಗೆ ವಹಿವಾಟಿರುವ ತಯಾರಕರು ಶೇ. 1 ಕಟ್ಟಿ ಲೆಕ್ಕದ ರಗಳೆಯಿಂದ ಪಾರಾಗಬಹುದು. ಆದರೆ ಅವರಿಗೂ ಕ್ರೆಡಿಟ್ ಇಲ್ಲ, ಅವರಿಂದ ಕೊಂಡವರಿಗೂ ಇಲ್ಲ. ಹಾಗಾಗಿ ದೊಡ್ಡ ಕಂಪನಿಗೆ ಸರಕು ಕೊಡುವ ಆಸೆ ಇರುವವರು ರಾಜಿ ತೆರಿಗೆಗೆ ಹೋಗದಿರುವುದೇ ಲೇಸು. ನೇರ ಗ್ರಾಹಕರಿಗೆ ಮಾರುವವರಿಗೆ ಅದು ಸರಿಹೊಂದುತ್ತದೆ.

ಎಲ್ಲಕ್ಕಿಂತ ದೊಡ್ಡ ತೊಡಕು ಡೀಸೆಲ್. ಅದು ಇನ್ನೂ ಜಿಎಸ್‌ಟಿಯ ಹೊರಗಿದೆ. ಲಾರಿ ಮಾಲೀಕರು ಅದರ ಮೇಲೆ ಕಟ್ಟಿದ ಅಬಕಾರಿ ಸುಂಕವಾಗಲಿ, ರಾಜ್ಯದ ಮಾರಾಟ ತೆರಿಗೆಯಾಗಲಿ ಎಲ್ಲೂ ಕಳೆಯಲು ಬರುವುದಿಲ್ಲ. ಬಾಡಿಗೆಯಲ್ಲಿ ಸೇರಿ, ನೂಲಿನಿಂದ ಅಂಗಿಯವರೆಗೆ ಪ್ರತಿ ಹಂತದ ಬೆಲೆಗೂ ಅಂಟಿಕೊಳ್ಳುತ್ತದೆ. ಸಂವಿಧಾನದ 279ಎ ವಿಧಿಯ ಪ್ರಕಾರ, ಯಾವ ದಿನದಿಂದ ಅದನ್ನು ಒಳಗೆ ತರಬೇಕೆಂದು ಶಿಫಾರಸು ಮಾಡಬೇಕಾದದ್ದು ಕೇಂದ್ರ, ರಾಜ್ಯಗಳ ಸಚಿವರಿರುವ ಜಿಎಸ್‌ಟಿ ಮಂಡಳಿ. ಇಂಧನದ ಆದಾಯ ಬಿಟ್ಟುಕೊಡಲು ರಾಜ್ಯಗಳಿಗೆ ಧೈರ್ಯ ಬರಬೇಕಾದರೆ ಕೇಂದ್ರ ಪರಿಹಾರದ ಲೆಕ್ಕವನ್ನು ಮೊದಲೇ ಬರೆದುಕೊಡಬೇಕು. ನಮಸ್ಕಾರ.