‘ಸಖತ್’ ಮೊದಲು ಹೊಗಳಿಕೆಯ ಮಾತಾಗಿರಲಿಲ್ಲ

ನಮಸ್ಕಾರ. ಬೆಳಗಾವಿಯ ಒಂದು ಚಹಾದಂಗಡಿ. ಗೋಡೆಯ ಟಿವಿಯಲ್ಲಿ ಮರಾಠಿ ಸುದ್ದಿ ಓಡುತ್ತಿತ್ತು. ಕೆಳಗಿನ ಪಟ್ಟಿಯಲ್ಲಿ ‘ಸಕ್ತವಸೂಲಿ ಸಂಚಾಲನಾಲಯ’ ಅಂತ ಬಂತು. ಏನಿದು ಅಂತ ಪಕ್ಕದಲ್ಲಿದ್ದ ಹಿರಿಯರನ್ನು ಕೇಳಿದೆ. ಕಪ್ ಕೆಳಗಿಡದೆ, “ಇ.ಡಿ. ರೀ” ಅಂದರು.

ನಾವು ಜಾರಿ ನಿರ್ದೇಶನಾಲಯ ಅಂತೀವಲ್ಲ, ಅದೇ. ಸಕ್ತ ವಸೂಲಿ ಅಂದರೆ ಬಿಗಿಯಾಗಿ, ಬಿಡದೆ ಮಾಡುವ ವಸೂಲಿ. ಆ ‘ಸಕ್ತ’ ಬೇರೆ ಯಾವುದೂ ಅಲ್ಲ, ನಾವು ದಿನಾ ಹೇಳುವ ‘ಸಖತ್’!

[ತೆರೆಯ ಮೇಲೆ: ಸಖ್ತ್ → ಸಕ್ತ, ಸಖತ್]

ಮೂಲ ಪಾರ್ಸಿ, ಅಂದರೆ ಪರ್ಷಿಯನ್ ಭಾಷೆಯ ‘ಸಖ್ತ್’. ಅರ್ಥ: ಗಟ್ಟಿ, ಕಠಿಣ. ಸಖ, ಸಖಿಗೂ ಇದಕ್ಕೂ ನಂಟಿಲ್ಲ. 1347ರಲ್ಲಿ ಕಲಬುರಗಿಯಿಂದ ಶುರುವಾದ ಬಹಮನಿ ಆಳ್ವಿಕೆ, ಆಮೇಲೆ ಬಿಜಾಪುರದ ಆದಿಲ್‌ಶಾಹಿ, ಮುಂದೆ ಹೈದರ್, ಟಿಪ್ಪು. ದರಬಾರಿನ ಪಾರ್ಸಿಯೂ ಬೀದಿಯ ದಖನಿ ಉರ್ದುವೂ ನಮ್ಮ ಮಾತಿಗೆ ಬೆರೆತದ್ದು ಹೀಗೆ. ಅರ್ಜಿ, ಜಮೀನು, ತಹಸೀಲ್ದಾರ್ ಎಲ್ಲ ಆ ದಾರಿಯವೇ.

ಸರಿ, ‘ಸಖ್ತ್’ ಯಾಕೆ ‘ಸಖತ್’ ಆಯಿತು? ಒಂದು ಸಲ ‘ಸಖ್ತ್’ ಅಂತ ಜೋರಾಗಿ ಹೇಳಿ ನೋಡಿ. ಕೊನೆಯಲ್ಲಿ ಎರಡು ವ್ಯಂಜನ ಒಂದಕ್ಕೊಂದು ಅಂಟಿಕೊಂಡಿವೆ. ಕನ್ನಡದ ನಾಲಿಗೆಗೆ ಅದು ಒಗ್ಗುವುದಿಲ್ಲ, ಮಧ್ಯೆ ಒಂದು ಸ್ವರ ತೂರಿಸುತ್ತದೆ. ಹುಕ್ಮ್ ಹುಕುಂ ಆಯಿತು. ಶರ್ತ್ ಷರತ್ತು ಆಯಿತು. ಅಸ್ಲ್ ಅಸಲು ಆಯಿತು. ಸಖ್ತ್ ಸಖತ್ ಆಯಿತು. ಇನ್ನೂ ಒತ್ತಿ ಹೇಳಬೇಕಾದರೆ ‘ಸಕ್ಕತ್’!

ಈಗ ನನಗೆ ಬಹಳ ಇಷ್ಟವಾದ ಭಾಗ. ಕಠಿಣ ಅನ್ನುವ ಪದ ‘ಬಹಳ ಚೆನ್ನಾಗಿದೆ’ ಅನ್ನುವಲ್ಲಿಗೆ ಬಂದದ್ದು ಹೇಗೆ? ಇದು ಬೆಂಗಳೂರಿನ ಕಾಲೇಜು ಹುಡುಗರ ಕೆಲಸ ಅಂತ ಸುಮ್ನೆ ಅಂದುಕೊಂಡಿದ್ದೆ. ಆದರೆ 11ನೇ ಶತಮಾನದ ಪಾರ್ಸಿ ಗದ್ಯದಲ್ಲೇ ‘ಸಖ್ತ್ ನೀಕೂ’ ಅನ್ನುವ ಮಾತಿದೆ. ನೀಕೂ ಅಂದರೆ ಒಳ್ಳೆಯದು. ಸಖ್ತ್ ನೀಕೂ ಅಂದರೆ ಬಹಳ ಒಳ್ಳೆಯದು. ನಮ್ಮ ‘ಸಖತ್ತಾಗಿದೆ’ಗೆ ಎಷ್ಟು ಹತ್ತಿರ, ಅಲ್ವಾ? ಸಾವಿರ ವರ್ಷದ ಹಿಂದೆ ದರಬಾರಿನಲ್ಲಿ ಕೂತು ಬರೆಯುತ್ತಿದ್ದವರಿಗೂ ಖುಷಿಯಾದಾಗ ಇದೇ ಪದ ಸಿಕ್ಕಿತ್ತು. ಇದನ್ನು ಮೊದಲ ಸಲ ಓದಿದಾಗ ಮೈ ಜುಂ ಅಂದಿತು.

ಗಟ್ಟಿಯಾದದ್ದು ಜೋರಾದದ್ದಾಗುತ್ತದೆ, ಜೋರಾದದ್ದು ‘ಬಹಳ’ ಆಗುತ್ತದೆ. ‘ಭಯಂಕರ ಚೆನ್ನಾಗಿದೆ’ ಅನ್ನುವಾಗ ಯಾರಿಗೂ ಭಯ ಆಗುವುದಿಲ್ಲವಲ್ಲ, ಹಾಗೆಯೇ. ಆದರೆ ಕನ್ನಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. “ಊಟ ಹೆಂಗಿತ್ತು?” “ಸಖತ್!” ಅಷ್ಟೇ. ‘ಚೆನ್ನಾಗಿದೆ’ ಅನ್ನುವುದೂ ಬೇಕಿಲ್ಲ, ಪದವೇ ಹೊಗಳಿಕೆ. ಹಿಂದಿಯಲ್ಲಿ ಇನ್ನೂ ಹಾಗಿಲ್ಲ. ಅಲ್ಲಿ ‘ಸಖ್ತ್ ಸಜಾ’ ಅಂದರೆ ಕಠಿಣ ಶಿಕ್ಷೆ. ‘ಸಖ್ತ್ ಲೌಂಡಾ’ ಅಂದರೆ ಹುಡುಗಿಯರು ಏನೇ ಅಂದರೂ ಕರಗದ ಹುಡುಗ. ನಮ್ಮಲ್ಲಿ ‘ಸಖತ್ ಹುಡುಗ’ ಅಂದರೆ ಮನೆಗೇ ಕರೆದು ಊಟ ಹಾಕುತ್ತಾರೆ.

ಸಮಯ ಜಾಸ್ತಿ ಇಲ್ಲ, ಇದರ ನೆಂಟರನ್ನು ಬೇಗ ನೋಡಿಬಿಡೋಣ. ‘ಮಸ್ತ್’ ಕೂಡ ಪಾರ್ಸಿಯದೇ, ಅರ್ಥ ಅಮಲೇರಿದ. ಆನೆಗೆ ಬರುವ ಮದಕ್ಕೆ ಇಂಗ್ಲಿಷಿನಲ್ಲಿ ‘ಮಸ್ತ್’ ಅನ್ನುವುದೂ ಇದರಿಂದಲೇ. ಕಡಕ್ ಅಂದರೂ ಗಟ್ಟಿಯೇ: ಕಡಕ್ ಚಹಾ, ಕಡಕ್ ರೊಟ್ಟಿ. ಕೊನೆಯದು ‘ಜಬರ್ದಸ್ತ್’. ಜಬರ್ ಅಂದರೆ ಮೇಲೆ, ದಸ್ತ್ ಅಂದರೆ ಕೈ. ಎರಡನ್ನೂ ಹಾಗೇ ಕನ್ನಡಕ್ಕೆ ತನ್ನಿ.

[ತೆರೆಯ ಮೇಲೆ: ಮೇಲುಗೈ]