ಎಪ್ಪಿಂಗ್ ಕಾಡಿನ ಪಿಂಗಾಣಿ ಅಣಬೆ

ಲಂಡನ್ನಿನ ಈಶಾನ್ಯಕ್ಕಿರೋ ಎಪ್ಪಿಂಗ್ ಕಾಡು ಇದು. ಅಕ್ಟೋಬರ್ ಕೊನೆ. ರಾತ್ರಿಯಿಡೀ ಹೊಯ್ದ ಮಳೆ ಈಗಷ್ಟೇ ಬಿಟ್ಟಿದೆ. ಆ ಬಿದ್ದ ಬೀಚ್ ಮರದ ಮೇಲೆ ಬೆಳ್ಳಗೆ ಗುಂಪುಗುಂಪಾಗಿ ಎದ್ದಿವೆಯಲ್ಲ, ಅವೇ ಪಿಂಗಾಣಿ ಅಣಬೆಗಳು. ಹೆಚ್ಚಾಗಿ ಬೀಚ್ ಮರದ ಮೇಲೇ ಬರುತ್ತವೆ, ಅದೂ ಸತ್ತ ಮರ, ಇಲ್ಲಾ ಒಣಗಿದ ಕೊಂಬೆ.

ಅಣಬೆ ಕಂಡರೆ ನಿಂತಲ್ಲಿಂದಲೇ ಬಗ್ಗಿ ಫೋಟೋ ತೆಗೆಯೋರೇ ಜಾಸ್ತಿ. ಹಾಗೆ ತೆಗೆದರೆ ಸಿಗೋದು ಬರೀ ಟೊಪ್ಪಿ. ಅಣಬೆಯ ಕೆಲಸವೆಲ್ಲ ನಡೆಯೋದು ಟೊಪ್ಪಿಯ ಅಡಿಗೆ, ಆ ತೆಳು ಪದರಗಳಲ್ಲಿ. ಬೀಜಕಣ ಹುಟ್ಟೋದು ಅಲ್ಲಿ, ಹಾರಿ ಹೋಗೋದೂ ಅಲ್ಲಿಂದಲೇ. ಅದಕ್ಕೇ ನಾನು ನೆಲಕ್ಕೆ ಮಲಗಿಬಿಡ್ತೀನಿ. ಅಕ್ಕಿ ತುಂಬಿದ ಪುಟ್ಟ ಬಟ್ಟೆಚೀಲದ ಮೇಲೆ ಕ್ಯಾಮೆರಾ, ಲೆನ್ಸ್ ಮೇಲ್ಮುಖ.

ತೀರಾ ಹತ್ತಿರದಿಂದ ತೆಗೆಯೋ 100 ಎಂಎಂ ಮ್ಯಾಕ್ರೋ ಲೆನ್ಸ್, ಬೆಳಕು ಬಿಡೋ ಕಿಂಡಿ ಎಫ್ 8, ಬೆಳಕಿನ ಸೂಕ್ಷ್ಮತೆ ಐಎಸ್‌ಒ 200, ಶಟರ್ ತೆರೆದಿರೋದು ಅರ್ಧ ಸೆಕೆಂಡು. ಬೆರಳು ತಾಗಿ ಅಲುಗಬಾರದು ಅಂತ 2 ಸೆಕೆಂಡಿನ ಟೈಮರ್. ಇಷ್ಟು ಹತ್ತಿರ ಹೋದಾಗ ಕೆಲವೇ ಮಿಲಿಮೀಟರ್ ಆಳ ಸ್ಪಷ್ಟವಾಗಿ ಬರುತ್ತೆ. ಹಾಗಾಗಿ ಮುಂದಿನ ಅಂಚಿನಿಂದ ಹಿಂದಿನವರೆಗೆ ಫೋಕಸ್ ಚೂರುಚೂರೇ ಸರಿಸುತ್ತ ಸಾಲು ಫೋಟೋ ತೆಗೆದು ಆಮೇಲೆ ಒಂದಾಗಿಸಬೇಕು. ಗಾಳಿ ಬೀಸಿದರೆ ಸುಮ್ಮನೆ ಕಾಯೋದು.

ಈಗ ಬೆಳಕು. ಎದುರಿನಿಂದ ಫ್ಲ್ಯಾಶ್ ಹೊಡೆಯಲೇಬೇಡಿ. ಟೊಪ್ಪಿ ಮೇಲಿನ ಲೋಳೆ ಮಿಂಚಿ ಬಿಳಿ ಚುಕ್ಕೆಯಷ್ಟೇ ಉಳಿಯುತ್ತೆ. ಪುಟ್ಟ ಎಲ್‌ಇಡಿಯನ್ನ ಹಿಂದೆ ಇಡ್ತೀನಿ... ನೋಡಿ! ಟೊಪ್ಪಿ ಎಷ್ಟು ತೆಳು ಅಂದರೆ ಒಳಗಿನ ಒಂದೊಂದು ಪದರವೂ ಹಪ್ಪಳದಲ್ಲಿ ಬೆಳಕು ಹಾಯ್ದ ಹಾಗೆ ಕಾಣ್ತಿದೆ. ಇದಕ್ಕಾಗಿ ಎಷ್ಟು ಹೊತ್ತು ಬೇಕಾದರೂ ಒದ್ದೆ ನೆಲದಲ್ಲಿ ಮಲಗಬಹುದು.

ಇಷ್ಟು ನಾಜೂಕಾಗಿ ಕಂಡರೂ ಇದು ಗಟ್ಟಿ ಜೀವ. ಮ್ಯೂಸಿಡಿನ್ ಅನ್ನೋ ರಾಸಾಯನಿಕ ತಯಾರಿಸಿ ಬೇರೆ ಶಿಲೀಂಧ್ರಗಳನ್ನ ದೂರ ಇಡುತ್ತೆ. ಇದೇ ಬಗೆಯ ಅಣುಗಳನ್ನ ಮಾದರಿಯಾಗಿಟ್ಟುಕೊಂಡು ವಿಜ್ಞಾನಿಗಳು ಅಜಾಕ್ಸಿಸ್ಟ್ರೋಬಿನ್ ಅನ್ನೋ ಶಿಲೀಂಧ್ರನಾಶಕ ರೂಪಿಸಿದರು. ಅದು ಮಾರುಕಟ್ಟೆಗೆ ಬಂದದ್ದು 1996ರಲ್ಲಿ. ನಮ್ಮ ಕಡೆ ದ್ರಾಕ್ಷಿ, ಮೆಣಸಿನಕಾಯಿಗೆ ಹೊಡೆಯೋ ಔಷಧಿ ಡಬ್ಬದ ಮೇಲೆ ಈ ಹೆಸರು ಓದಿರ್ತೀರಿ.

ಇನ್ನೊಂದು ಮಾತು. ಫೋಟೋ ಚೆನ್ನಾಗಿ ಬರಲಿ ಅಂತ ಅಣಬೆ ಕಿತ್ತು ಪಾಚಿ ಮೇಲೆ ನಿಲ್ಲಿಸೋರಿದ್ದಾರೆ. ನನಗದು ಒಂಚೂರೂ ಹಿಡಿಸಲ್ಲ, ಈ ಕಾಡಲ್ಲಿ ಕೀಳೋದಕ್ಕೆ ಅನುಮತಿಯೂ ಇಲ್ಲ. ಅಡಿಭಾಗ ನೋಡಲೇಬೇಕಾ? ಅಂಗೈಯಗಲದ ಕನ್ನಡಿ ಕೆಳಗೆ ಹಿಡೀರಿ, ಸಾಕು. ಬನ್ನಿ, ಆ ಬರ್ಚ್ ಮರಗಳ ಬುಡದಲ್ಲಿ ಕೆಂಪು ಟೊಪ್ಪಿಯ ಫ್ಲೈ ಅಗಾರಿಕ್ ಅಣಬೆ ಎದ್ದಿದೆಯಾ ನೋಡೋಣ.